ಅವರಿಗೆ ಬೆಂಗಳೂರು, ನನಗೆ ಪಾಂಡವಪುರ: ಮನೆ ಎಲ್ಲಿ ಮಾಡುವುದು?

ಗಂಡನಿಗೆ ಒಂದೂರಲ್ಲಿ, ಹೆಂಡತಿಗೆ ಇನ್ನೊಂದೂರಲ್ಲಿ ಕೆಲಸ ಎಂದು ಗೊತ್ತಾದರೆ ಸಾಕು, ಎಲ್ಲರದೂ ಒಂದೇ ಸಲಹೆ. "ಮಧ್ಯದಲ್ಲಿ ಎಲ್ಲಾದ್ರೂ ಮನೆ ಮಾಡ್ಕೊಳ್ಳಿ, ಇಬ್ಬರಿಗೂ ಅರ್ಧರ್ಧ ದೂರ." ಕೇಳಲು ನ್ಯಾಯವಾಗಿಯೇ ಇದೆ. ನಾವು ನಿಜವಾಗಿ ಮನೆ ಹುಡುಕಲು ಹೊರಟಾಗ ಮೊದಲು ಬಿದ್ದುಹೋದದ್ದು ಈ ಲೆಕ್ಕವೇ.

ನಾನು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ನಮ್ಮ ಯಜಮಾನರು ಬೆಂಗಳೂರಿನ ಎಂ.ಜಿ. ರಸ್ತೆ ಹತ್ತಿರ ಒಂದು ಖಾಸಗಿ ಕಂಪನಿಯಲ್ಲಿದ್ದಾರೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮದುವೆಯಾದ ಹೊಸದರಲ್ಲಿ ಅವರು ಬೆಂಗಳೂರಿನ ಪಿಜಿಯಲ್ಲಿ, ನಾನು ಮೈಸೂರಿನ ಕುವೆಂಪುನಗರದಲ್ಲಿ ಅಮ್ಮನ ಮನೆಯಲ್ಲಿ. ಶುಕ್ರವಾರ ರಾತ್ರಿ ಬರುತ್ತಿದ್ದರು, ಸೋಮವಾರ ಬೆಳಗಿನ ಜಾವ ಹೊರಡುತ್ತಿದ್ದರು. 2020ರಲ್ಲಿ ಕೊರೊನಾ ಬಂತು. ಅಮ್ಮನ ಮನೆಯ ಮಹಡಿ ಕೋಣೆಯೇ ಅವರ ಆಫೀಸಾಯಿತು. ಮಗಳು ಹುಟ್ಟಿದ್ದೂ ಆ ಮನೆಯಲ್ಲಿದ್ದಾಗಲೇ. ಆಮೇಲೆ ಕಂಪನಿಯವರು ವಾರಕ್ಕೆ ಎರಡು ದಿನ ಬನ್ನಿ ಎಂದರು. ಸ್ವಲ್ಪ ಸಮಯಕ್ಕೆ ಮೂರು ದಿನ ಕಡ್ಡಾಯ ಎಂದರು. ಅದೇ ಹೊತ್ತಿಗೆ ತಮ್ಮನ ಮದುವೆ ಗೊತ್ತಾಯಿತು. ಮಹಡಿ ಕೋಣೆ ಅವನಿಗೆ ಬೇಕಾಯಿತು. ಇನ್ನು ನಮ್ಮದೇ ಮನೆ ಆಗಲೇಬೇಕು.

ಎಲ್ಲರೂ ಬೆಂಗಳೂರಿಗೇ ಹೋಗಿಬಿಟ್ಟರೆ? ಅದು ಮೊದಲ ಯೋಚನೆ. ಅದಕ್ಕೆ ನನಗೆ ವರ್ಗಾವಣೆ ಸಿಗಬೇಕು. ಸರ್ಕಾರಿ ಕೆಲಸದಲ್ಲಿ ಗಂಡ ಇರುವ ಊರಿಗೆ ಹಾಕಿಕೊಡುತ್ತಾರಲ್ವಾ ಎಂದು ಬಂಧುಗಳೆಲ್ಲ ಕೇಳುತ್ತಾರೆ. ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ, ಅದರಲ್ಲಿ 'ಪತಿ-ಪತ್ನಿ ಪ್ರಕರಣ' ಎಂಬ ಆದ್ಯತೆಯೂ ಇದೆ. ಆದರೆ ಆ ಆದ್ಯತೆ ಸಿಗುವುದು ಗಂಡನೂ ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯ ನೌಕರನಾಗಿದ್ದರೆ. ಖಾಸಗಿ ಕಂಪನಿಯ ಗಂಡ ಲೆಕ್ಕಕ್ಕಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಇದೊಂದು ಹಳೆಯ ತಮಾಷೆ: "ಕಂಪನಿ ಗಂಡ ಸಂಬಳ ತರ್ತಾನೆ, ವರ್ಗಾವಣೆ ತರಲ್ಲ." ಅದೂ ಅಲ್ಲದೆ ಪ್ರೌಢಶಾಲೆಯವರ ಜ್ಯೇಷ್ಠತೆ ವಿಭಾಗದ ಮಟ್ಟದ್ದು. ಮಂಡ್ಯ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರುತ್ತದೆ, ಬೆಂಗಳೂರು ಬೇರೆ ವಿಭಾಗ. ವಿಭಾಗ ದಾಟಿದರೆ ಜ್ಯೇಷ್ಠತೆ ಪಟ್ಟಿಯಲ್ಲಿ ಕೊನೆಗೆ ಹೋಗಿ ನಿಲ್ಲಬೇಕು. ಪರಸ್ಪರ ವರ್ಗಾವಣೆಗೆ ಯಾರಾದರೂ ಸಿಗುತ್ತಾರಾ ಎಂದು ವಾಟ್ಸಾಪ್ ಗ್ರೂಪುಗಳಲ್ಲಿ ಕೇಳಿದೆ. ಬೆಂಗಳೂರು ಬಿಟ್ಟು ಪಾಂಡವಪುರದ ಕಡೆ ಬರುವವರು ಯಾರೂ ಸಿಗಲಿಲ್ಲ.

ಯಜಮಾನರು ಮೈಸೂರಿನಲ್ಲಿ ಕೆಲಸ ಹುಡುಕಿ ನೋಡಿದರು. ಸಿಕ್ಕ ಒಂದೆರಡು ಕಡೆ ಸಂಬಳ ತೀರಾ ಇಳಿಯುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆವು.

ಆಮೇಲೆ ಬಂತು ಮಧ್ಯದ ಊರಿನ ಮಾತು. ಮ್ಯಾಪ್ ತೆಗೆದು ನೋಡಿದರೆ ಪಾಂಡವಪುರಕ್ಕೂ ಬೆಂಗಳೂರಿಗೂ ನಡುವೆ ಬರುವುದು ಮದ್ದೂರು, ಚನ್ನಪಟ್ಟಣದ ಕಡೆ. ಚನ್ನಪಟ್ಟಣದಲ್ಲಿ ಮನೆ ನೋಡಿಯೂ ಬಂದೆವು. ಮನೆ ಚೆನ್ನಾಗಿತ್ತು, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗಬಹುದಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಶನಿವಾರ ಏನು ಮಾಡಲಿ? ಸರ್ಕಾರಿ ಶಾಲೆಯಲ್ಲಿ ಶನಿವಾರ ಬೆಳಗಿನ ತರಗತಿ. ಎಂಟರೊಳಗೆ ಶಾಲೆಯಲ್ಲಿರಬೇಕು. ಚನ್ನಪಟ್ಟಣದಿಂದ ಮಂಡ್ಯ, ಮಂಡ್ಯದಿಂದ ಪಾಂಡವಪುರ, ಅಲ್ಲಿಂದ ಹಳ್ಳಿಯ ಬಸ್ಸು. ರಾತ್ರಿಯೇ ಹೊರಟರೆ ಸರಿಹೋಗುತ್ತದೇನೋ! ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯವರಿಗೆ ವಿಶೇಷ ತರಗತಿ ಬೇರೆ, ಅದೂ ಶಾಲೆ ಶುರುವಾಗುವ ಮುಂಚೆ. ಅವರ ಆಫೀಸಿಗೆ ಹತ್ತು ಗಂಟೆಗೆ ಹೋದರೂ ಆಗುತ್ತದೆ, ಹತ್ತೂವರೆಗೆ ಹೋದರೂ ಯಾರೂ ಕೇಳುವುದಿಲ್ಲ. ನಾನು ಪ್ರಾರ್ಥನೆಗೆ ಐದು ನಿಮಿಷ ತಡವಾದರೆ ಇಡೀ ಶಾಲೆ ನೋಡುತ್ತದೆ. ಕಿಲೋಮೀಟರನ್ನು ಸಮಪಾಲು ಮಾಡಿದರೂ ಕಷ್ಟ ಸಮಪಾಲಾಗುವುದಿಲ್ಲ ಎಂಬುದು ಅವರಿಗೆ ಅಲ್ಲೇ, ಆ ಮನೆಯ ಬಾಗಿಲಲ್ಲೇ ಅರ್ಥವಾಯಿತು. ಪಾಪ, ವಾದ ಮಾಡಲಿಲ್ಲ.

ಉಳಿದದ್ದು ಎರಡು: ಮೈಸೂರು ಮತ್ತು ಮಂಡ್ಯ. ಪಾಂಡವಪುರ ಎರಡೂ ಊರಿಗೆ ಹೆಚ್ಚು ಕಡಿಮೆ ಒಂದೇ ದೂರ, ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ನನಗೆ ಯಾವುದಾದರೂ ಸರಿ. ಹಾಗಾಗಿ ಇನ್ನು ನೋಡಬೇಕಾದ್ದು ಅವರ ಓಡಾಟ ಮಾತ್ರ ಎಂದುಕೊಂಡೆವು.

ಎಲ್ಲರ ಓಟೂ ಮೈಸೂರಿಗೇ. ಒಳ್ಳೆಯ ಸ್ಕೂಲುಗಳು, ಆಸ್ಪತ್ರೆಗಳು, ತಣ್ಣನೆಯ ಸಂಜೆ, ಅಮ್ಮ ಪಕ್ಕದಲ್ಲೇ. "ಮೈಸೂರು ಬಿಟ್ಟು ಮಂಡ್ಯಕ್ಕೆ ಯಾರು ಹೋಗ್ತಾರೆ?" ಎಂದು ನನ್ನ ತಮ್ಮ ಕೇಳಿದ. ಸಂಬಳದ ಮನೆ ಬಾಡಿಗೆ ಭತ್ಯೆಯೂ ಜಾಸ್ತಿ ಬರುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅದು ತಪ್ಪು. ನಾನು ಎಲ್ಲಿ ವಾಸ ಮಾಡುತ್ತೇನೆ ಎಂಬುದರ ಮೇಲಲ್ಲ, ಎಲ್ಲಿ ಕೆಲಸ ಮಾಡುತ್ತೇನೆ ಎಂಬುದರ ಮೇಲೆ ಆ ಭತ್ಯೆ ನಿಲ್ಲುತ್ತದೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಲೆಕ್ಕ ಜಾರಿಗೆ ಬಂದ ಮೇಲೆ ದೊಡ್ಡ ನಗರಕ್ಕೆ ಶೇ. 20, ಮಧ್ಯಮ ನಗರಕ್ಕೆ ಶೇ. 15, ಉಳಿದ ಕಡೆಗೆ ಶೇ. 7.5. ಹಳ್ಳಿ ಶಾಲೆಯ ನನಗೆ ಏಳೂವರೆಯೇ, ಮೈಸೂರಿನ ಅರಮನೆ ಎದುರು ಮನೆ ಮಾಡಿದರೂ ಅಷ್ಟೇ. ಯಜಮಾನರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅದರಲ್ಲಿ ಬಾಡಿಗೆಗೆ ವಿನಾಯಿತಿಯೇ ಇಲ್ಲ. ಹಾಗಾಗಿ ದುಡ್ಡಿನ ವಿಷಯದಲ್ಲಿ ಉಳಿದ ವ್ಯತ್ಯಾಸ ಬಾಡಿಗೆಯದ್ದು ಮಾತ್ರ. ಅದರಲ್ಲಿ ಮಂಡ್ಯವೇ ಅಗ್ಗ.

ರಸ್ತೆಯೋ ರೈಲೋ ಎಂಬ ಚರ್ಚೆಯೂ ಆಯಿತು. ಬೆಂಗಳೂರು-ಮೈಸೂರು ಹತ್ತು ಪಥದ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು, ಅದೂ ಮಂಡ್ಯ ಜಿಲ್ಲೆಯಲ್ಲೇ. ಉದ್ದ 118 ಕಿಲೋಮೀಟರ್. ಒಂದೂವರೆ ಗಂಟೆಯಲ್ಲಿ ಮೈಸೂರಿಂದ ಬೆಂಗಳೂರು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಬೆಂಗಳೂರಿನ ಬಾಗಿಲಿನವರೆಗೆ. ಕೆಂಗೇರಿಯಿಂದ ಎಂ.ಜಿ. ರಸ್ತೆಗೆ ಬೆಳಗಿನ ಹೊತ್ತು ಕಾರಿನಲ್ಲಿ ಹೋಗಿ ನೋಡಿದವರಿಗೇ ಗೊತ್ತು ಉಳಿದ ಕಥೆ. ದಿನಾ ಕಾರು ಎಂದರೆ ಪೆಟ್ರೋಲು, ಟೋಲು ಎಲ್ಲ ಸೇರಿ ಬಾಡಿಗೆ ಮನೆಯಷ್ಟೇ ಖರ್ಚು. ರೈಲಿಗಾದರೆ ತಿಂಗಳ ಪಾಸ್ ಇದೆ. 150 ಕಿಲೋಮೀಟರ್ ಒಳಗಿನ ದೂರಕ್ಕೆ ಮಾತ್ರ ಈ ಪಾಸ್ ಕೊಡುತ್ತಾರೆ. ಮೈಸೂರು-ಬೆಂಗಳೂರು ರೈಲು ದಾರಿ ಅದರೊಳಗೇ ಬರುತ್ತದೆ. ವಂದೇ ಭಾರತ್, ಶತಾಬ್ದಿಯಲ್ಲಿ ಪಾಸ್ ನಡೆಯುವುದಿಲ್ಲ, ರಿಸರ್ವೇಶನ್ ಬೋಗಿಗೂ ಹತ್ತುವಂತಿಲ್ಲ. ಪಾಸ್‌ನವರದು ಜನರಲ್ ಬೋಗಿಯ ಬದುಕು.

ಈ ಜನರಲ್ ಬೋಗಿಯೇ ನಮ್ಮನ್ನು ತುಂಬಾ ಗೊಂದಲಕ್ಕೆ ಹಾಕಿತು. ಸುಮ್ನೆ ಲೆಕ್ಕ ಹಾಕುವುದು ಬೇಡ, ಹೋಗಿಯೇ ನೋಡೋಣ ಎಂದು ಯಜಮಾನರು ಕೆಲವು ದಿನ ಅಮ್ಮನ ಮನೆಯಿಂದ, ಕೆಲವು ದಿನ ಮಂಡ್ಯದ ಸ್ನೇಹಿತನ ಮನೆಯಿಂದ ಓಡಾಡಿದರು. ಮಂಡ್ಯದಿಂದ ಬೆಂಗಳೂರಿಗೆ ಮುಕ್ಕಾಲು ಗಂಟೆ ಕಡಿಮೆ ದಾರಿ. ಆದರೆ ಬೆಳಗಿನ ರೈಲು ಹೊರಡುವುದು ಮೈಸೂರಿನಿಂದ. ಅಲ್ಲಿ ಸ್ವಲ್ಪ ಮುಂಚೆ ಹೋದರೆ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ಲ್ಯಾಪ್‌ಟಾಪ್ ತೆಗೆಯಬಹುದು, ನಿದ್ದೆ ಮಾಡಬಹುದು. ಅದೇ ಚಾಮುಂಡಿ ಎಕ್ಸ್‌ಪ್ರೆಸ್ ಮಂಡ್ಯಕ್ಕೆ ಬರುವಷ್ಟರಲ್ಲಿ ತುಂಬಿರುತ್ತದೆ, ಮದ್ದೂರಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಕೆಂಗೇರಿಯಲ್ಲಿ ಜನ ಇಳಿದ ಮೇಲೆ ಉಸಿರಾಡುವಂತಾಗುತ್ತದೆ, ಅಷ್ಟರಲ್ಲಿ ಊರೇ ಬಂದಿರುತ್ತದೆ. ಅಂದರೆ ಮೈಸೂರಾದರೆ ಎರಡೂವರೆ ಗಂಟೆ ಕೂತು ಹೋಗುವುದು, ಮಂಡ್ಯವಾದರೆ ಒಂದೂಮುಕ್ಕಾಲು ಗಂಟೆ ನಿಂತು ಹೋಗುವುದು. ಯಾವುದು ಹತ್ತಿರ? ನೀವೇ ಹೇಳಿ.

ಬೆಳಿಗ್ಗೆ ನೋಡಿದರೆ ಮೈಸೂರೇ ವಾಸಿ. ಸಂಜೆ ಲೆಕ್ಕ ತಿರುಗಿತು. ಸಂಜೆ ರೈಲುಗಳು ಬೆಂಗಳೂರಿನಿಂದಲೇ ಹೊರಡುವುದರಿಂದ ಎರಡೂ ಊರಿನವರಿಗೆ ಸೀಟಿನ ಅವಕಾಶ ಒಂದೇ. ಆಫೀಸು ಬಿಟ್ಟು, ಎಂ.ಜಿ. ರಸ್ತೆಯಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು, ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು, ಆರು ದಾಟಿದ ಮೇಲಿನ ರೈಲು ಹತ್ತಿದರೆ ಮಂಡ್ಯದ ಮನೆಗೆ ಎಂಟೂಕಾಲಿಗೆ ಬರಬಹುದು. ಮೈಸೂರಿನ ಕುವೆಂಪುನಗರಕ್ಕೆ ಒಂಬತ್ತೂವರೆ. ಮಗಳು ಮಲಗುವುದು ಒಂಬತ್ತಕ್ಕೆ. ರೈಲು ತಪ್ಪಿದರೂ ಮಂಡ್ಯಕ್ಕೆ ದಾರಿಯಿದೆ. ಅದೇ ಮೆಟ್ರೊದಲ್ಲಿ ದೀಪಾಂಜಲಿನಗರಕ್ಕೆ ಹೋಗಿ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದರಾಯಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಮೈಸೂರಿನ ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಹೋಗುತ್ತವೆ, ಊರೊಳಗೆ ಬರುವುದಿಲ್ಲ. "ಮಂಡ್ಯ ಒಳಗೆ ಹೋಗುತ್ತಾ?" ಎಂದು ಕೇಳಿಯೇ ಹತ್ತಬೇಕು. ಕೇಳದೆ ಹತ್ತಿದ ಅವರ ಸಹೋದ್ಯೋಗಿಯೊಬ್ಬರು ರಾತ್ರಿ ಹನ್ನೊಂದಕ್ಕೆ ಮೈಸೂರು ಸೇರಿ ವಾಪಸ್ ಬಂದ ಕಥೆ ಈಗಲೂ ಬೋಗಿಯಲ್ಲಿ ಓಡಾಡುತ್ತಿದೆ.

ಇಷ್ಟಾದರೂ ತೀರ್ಮಾನ ಆಗಿರಲಿಲ್ಲ. ಅವರಿಗೆ ಸೀಟಿನ ಆಸೆ, ನನಗೆ ಅಮ್ಮನ ಆಸೆ. ಕೊನೆಗೆ ತೀರ್ಮಾನ ಮಾಡಿದ್ದು ನಮ್ಮತ್ತೆ.

ನಾವಿಬ್ಬರೂ ಹೊರಗೆ ಹೋದ ದಿನ ಮಗು ಯಾರ ಹತ್ತಿರ ಇರುತ್ತದೆ ಎಂಬ ಪ್ರಶ್ನೆಗೆ ನಾವು 'ಅಮ್ಮ ಇದ್ದಾರಲ್ಲ' ಎಂದು ಅರ್ಧ ಉತ್ತರ ಇಟ್ಟುಕೊಂಡಿದ್ದೆವು. ಅಮ್ಮನಿಗೆ ಮಂಡಿನೋವು. ಮಗುವಿನ ಹಿಂದೆ ಓಡಲು ಆಗುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಅತ್ತೆಯ ಊರು ಮಂಡ್ಯ ತಾಲ್ಲೂಕಿನ ಬಸರಾಳು ಹೋಬಳಿಯಲ್ಲಿ. ಎರಡು ಹಸು, ಸ್ವಲ್ಪ ಜಮೀನು. ಊರು ಬಿಟ್ಟು ಬರುವವರಲ್ಲ. ಆದರೂ ಕೇಳಿ ನೋಡೋಣ ಎಂದು ಒಂದು ಭಾನುವಾರ ಹೋದೆವು. ಅತ್ತೆ ನೇರವಾಗಿ ಹೇಳಿದರು: "ಮೈಸೂರ್ಗೆ ನಾನ್ ಬರಕಿಲ್ಲ ಕಣವ್ವ. ಮಂಡ್ಯ ಆದ್ರೆ ನೋಡು, ಏನಾರ ಆದ್ರೆ ಒಂದ್ ಬಸ್ ಹತ್ತುದ್ರೆ ಮನೆ. ಸೋಮವಾರ ಬತ್ತೀನಿ, ಶುಕ್ರವಾರ ಬುಟ್ಬುಡಿ." ಹಸುವಿನ ಜವಾಬ್ದಾರಿ ಮಾವನಿಗೆ ಒಪ್ಪಿಸಿದ್ದೂ ಆಗಲೇ ಆಯಿತು. ಮಾವನನ್ನು ಯಾರೂ ಕೇಳಲಿಲ್ಲ.

ಎಷ್ಟೊಂದು ದಿನ ನಾವು ಎರಡು ಆಫೀಸುಗಳ ನಡುವಿನ ದೂರ ಅಳೆಯುತ್ತಿದ್ದೆವು. ಅಳೆಯಬೇಕಾದ ಮೂರನೇ ಜಾಗ ಬಸರಾಳಿನ ಕಡೆ ಇತ್ತು. ರೈಲಿನಲ್ಲಿ ನಿಂತು ಹೋಗುವುದು ಕಷ್ಟವೇ, ಆದರೆ ಅದು ವಾರಕ್ಕೆ ಮೂರು ದಿನದ ಕಷ್ಟ. ಮಗುವನ್ನು ನೋಡಿಕೊಳ್ಳುವವರು ಇಲ್ಲ ಎಂಬುದು ದಿನದಿನದ್ದು. ಯಜಮಾನರು ಸೀಟಿನ ಆಸೆ ಬಿಟ್ಟರು. ನಾನು ಅಮ್ಮನಿಗೆ ಹೇಳಿದೆ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ "ನಿಮ್ಮತ್ತೆಗೆ ಕಾಲು ಗಟ್ಟಿ ಬಿಡು" ಎಂದರು.

ಮಂಡ್ಯದಲ್ಲಿ ಮನೆ ಹುಡುಕುವುದು ಮೈಸೂರಿನಷ್ಟು ತಲೆನೋವಲ್ಲ. ಮೈಸೂರಿನಲ್ಲಿ ಕೆಲವು ಬೀದಿಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡ್ ನೋಡಿ ಗೇಟಿನಿಂದಲೇ ವಾಪಸ್ ಬಂದಿದ್ದೆವು. ಮಂಡ್ಯದಲ್ಲಿ ಆ ಮಾತೇ ಬರಲಿಲ್ಲ. ಭಾನುವಾರ ಮಧ್ಯಾಹ್ನ ಇಲ್ಲಿನ ಬೀದಿಯಲ್ಲಿ ನಡೆದು ನೋಡಿ, ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗೇ ಹೇಳುತ್ತದೆ. ನಮ್ಮ ಷರತ್ತು ಒಂದೇ: ರೈಲ್ವೆ ಸ್ಟೇಷನ್ನಿಗೂ ಬಸ್ ನಿಲ್ದಾಣಕ್ಕೂ ನಡೆದೇ ಹೋಗುವಂತಿರಬೇಕು. ಹೊಸ ಬಡಾವಣೆಗಳಲ್ಲಿ ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಬೆಳಗಿನ ಜಾವ ಆಟೊ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ರೈಲು ಹಿಡಿಯಲಾಗುವುದಿಲ್ಲ. ಅಶೋಕನಗರ, ಸುಭಾಷ್‌ನಗರ, ಹೊಸಹಳ್ಳಿ ಕಡೆಗಳಲ್ಲಿ ಸುತ್ತಿದೆವು. ಕೊನೆಗೆ ಒಂದು ಹಳೆಯ ಮನೆಯ ಮೇಲ್ಮಹಡಿ ಸಿಕ್ಕಿತು.

ಓನರ್ ಆಂಟಿ ಮೊದಲು ಕೇಳಿದ್ದು ನನ್ನ ಕೆಲಸ. "ಟೀಚರಾ? ಸರಿ ಬುಡವ್ವ. ಯಜಮಾನ್ರು?"

"ಬೆಂಗಳೂರಲ್ಲಿ ಆಂಟಿ, ರೈಲಲ್ಲಿ ಓಡಾಡ್ತಾರೆ."

"ನಮ್ ಬೀದೀಲಿ ಅರ್ಧ ಜನ ರೈಲಲ್ಲೇ ಬದ್ಕೋದು ಕಣವ್ವ."

ಅತ್ಯುಕ್ತಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತರೆ ಬ್ಯಾಗು ನೇತುಹಾಕಿಕೊಂಡು ಒಂದೇ ದಿಕ್ಕಿಗೆ ನಡೆಯುವವರ ಸಾಲು ಕಾಣುತ್ತದೆ. ಬ್ಯಾಂಕಿನವರು, ಕೋರ್ಟಿನವರು, ನರ್ಸುಗಳು, ವಿಧಾನಸೌಧದ ಕ್ಲರ್ಕುಗಳು. ಅವರಿಗೆ ಅವರದೇ ಬೋಗಿ, ಅವರದೇ ಗುಂಪು. ಸ್ವಲ್ಪ ದಿನ ನಿಂತು ಹೋದ ಮೇಲೆ ನಮ್ಮ ಯಜಮಾನರನ್ನೂ ಗುಂಪಿಗೆ ಸೇರಿಸಿಕೊಂಡರು. ಈಗ ಸೀಟಿಗೆ ಸರದಿ ಇದೆ: ಮದ್ದೂರಿನವರೆಗೆ ಒಬ್ಬರು, ಅಲ್ಲಿಂದ ರಾಮನಗರದವರೆಗೆ ಇನ್ನೊಬ್ಬರು. ಇದನ್ನು ಯಾವ ಆ್ಯಪ್‌ನಲ್ಲೂ ನೋಡಿ ತಿಳಿಯಲು ಆಗುತ್ತಿರಲಿಲ್ಲ.

ನನ್ನ ಓಡಾಟಕ್ಕೆ ಮೊದಲು ಸ್ಕೂಟರ್ ಎಂದುಕೊಂಡಿದ್ದೆ. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಸ್ಕೂಟರ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಮಗೆಲ್ಲ ಸರ್ವಿಸ್ ರಸ್ತೆ. ಕಬ್ಬು ಕಟಾವಿನ ಕಾಲದಲ್ಲಿ ಆ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಸ್ಕೂಟರ್ ಓಡಿಸುವ ಧೈರ್ಯ ನನಗಿಲ್ಲ. ಹಾಗಾಗಿ ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನನಗೂ ಅತ್ತೆಗೂ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಅತ್ತೆಗಂತೂ ಇದು ಬಂದು ಹೋಗುವ ಸಂಕೋಚವನ್ನೇ ತೆಗೆದುಬಿಟ್ಟಿತು. ಮಧ್ಯದಲ್ಲಿ ಹಸುವಿಗೆ ಹುಷಾರಿಲ್ಲ ಎಂದು ಮಾವ ಫೋನ್ ಮಾಡಿದರೆ ಸಂಜೆ ಹೋಗಿ ಬೆಳಿಗ್ಗೆ ಬಂದಿರುತ್ತಾರೆ.

ಯಜಮಾನರು ಆಫೀಸಿಗೆ ಹೋಗುವ ದಿನಗಳನ್ನು ಮಂಗಳವಾರ, ಬುಧವಾರ, ಗುರುವಾರ ಎಂದು ಕೇಳಿ ಪಡೆದುಕೊಂಡರು. ಈ ಮೂರು ದಿನ ಅತ್ತೆ ಇರುತ್ತಾರೆ. ಸೋಮವಾರ, ಶುಕ್ರವಾರ ಅವರು ಮನೆಯಿಂದಲೇ ಕೆಲಸ ಮಾಡುವುದರಿಂದ ಮಗಳನ್ನು ನರ್ಸರಿಯಿಂದ ಕರೆತರುವುದು ಅವರ ಪಾಲು. ನನಗೆ ಬೆಳಗಿನ ಶಾಲೆ ಇರುವ ಶನಿವಾರ ಅವರಿಗೆ ರಜೆ. ಕರೆಂಟ್ ಹೋದರೆಂದು ಒಂದು ಯುಪಿಎಸ್ ಹಾಕಿಸಿದ್ದೇವೆ, ಮೀಟಿಂಗ್ ಮಧ್ಯೆ ಕೆಳಗಿನ ಮನೆಯ ಹುಂಜ ಕೂಗಿದರೆ ಮಾತ್ರ ಏನೂ ಮಾಡಲಾಗದು. ತಿಂಗಳಿಗೊಮ್ಮೆ ಎರಡು ದಿನ ಒಟ್ಟಿಗೆ ರಾತ್ರಿ ಬೆಂಗಳೂರಿನಲ್ಲೇ ಉಳಿಯಬೇಕಾಗುತ್ತದೆ, ಆಗ ಹಳೆಯ ಪಿಜಿಯ ಸ್ನೇಹಿತರ ರೂಮು. 2023ರ ಸೆಪ್ಟೆಂಬರಿನಂತೆ ಕಾವೇರಿ ನೀರಿಗೆ ಬಂದ್ ಆದರೆ ಮಂಡ್ಯದಲ್ಲಿರುವವರಿಗೆ ಅದರ ಬಿಸಿ ಮೊದಲು ತಟ್ಟುತ್ತದೆ. ಅದೂ ಲೆಕ್ಕದಲ್ಲಿರಲಿ. ಸೆಕೆ ಮೈಸೂರಿಗಿಂತ ಜಾಸ್ತಿ, ಸೊಳ್ಳೆಯೂ ಜಾಸ್ತಿ. ಅಮ್ಮನ ಮನೆಗೆ ಹೋದಾಗ ಮಗಳು "ಅಜ್ಜಿ ಮನೇಲಿ ಸೊಳ್ಳೆನೇ ಇಲ್ಲ" ಎಂದು ಎಲ್ಲರ ಮುಂದೆ ಹೇಳುತ್ತಾಳೆ. ತಮ್ಮನಿಗೆ ಅದೇ ಸಾಕು, ಮತ್ತೆ ಶುರು ಮಾಡುತ್ತಾನೆ.

ಹೆಡ್‌ಮಾಸ್ಟರ್ ಒಮ್ಮೆ ಕೇಂದ್ರ ಸ್ಥಾನದಲ್ಲಿ, ಅಂದರೆ ಕೆಲಸ ಮಾಡುವ ಊರಿನಲ್ಲೇ, ವಾಸ ಮಾಡಬೇಕು ಎಂಬ ನಿಯಮ ನೆನಪಿಸಿದರು. ಅವರೂ ದಿನಾ ಮೈಸೂರಿನಿಂದ ಓಡಾಡುವವರೇ. ಇಬ್ಬರೂ ನಕ್ಕು ಸುಮ್ಮನಾದೆವು.

ಮೊನ್ನೆ ಓನರ್ ಆಂಟಿ ಬಾಡಿಗೆ ಬೇಡ, ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಳ್ಳಿ ಎಂದು ಕೇಳಿದರು. ಮೊತ್ತ ನೋಡಿದರೆ ನಮಗೆ ಲಾಭವೇ. ಆದರೆ ಯಜಮಾನರ ಕಂಪನಿಯಲ್ಲಿ ವಾರಕ್ಕೆ ನಾಲ್ಕು ದಿನ ಬರಬೇಕಾದೀತು ಎಂಬ ಗುಸುಗುಸು ಇದೆ. ಹಾಗಾದರೆ ಅತ್ತೆ ಶುಕ್ರವಾರ ಸಂಜೆಯ ಬಸ್ಸಿನ ಬದಲು ರಾತ್ರಿಯವರೆಗೆ ಉಳಿಯಬೇಕು, ಹಾಲು ಕರೆಯುವ ಹೊತ್ತಿನ ಹೊಂದಾಣಿಕೆ ಮತ್ತೆ ಮಾವನ ಜೊತೆ ಮಾಡಬೇಕು. ಐದು ದಿನ ಎಂದರಂತೂ ಎಲ್ಲ ಲೆಕ್ಕವೂ ಹೊಸದಾಗಿ. ಭೋಗ್ಯ ಬೇಡ ಎಂದು ಹೇಳಿ, ಇನ್ನೊಂದು ಹನ್ನೊಂದು ತಿಂಗಳಿಗೆ ಬಾಡಿಗೆ ಕರಾರು ಬರೆಸಿಕೊಂಡು ಬಂದಿದ್ದೇವೆ. ಬಾಡಿಗೆ ಐನೂರು ಏರಿದೆ.